ಅಕಾಲಿಕ ಬೋಧಕಿ

ಜುಲೈ ೩, ಸೋಮವಾರ. ಬೆಳಿಗ್ಗೆ ೬.೧೦

ಸ್ನಾನ, ದೀಪ, ಜಪ ಮುಗಿಯಿತು. ಪಾರಾಯಣ ಒಂದು ಪುಟ. ಎರಡನೆಯ ಪುಟದಲ್ಲಿ ಮನಸ್ಸು ನಿಲ್ಲಲಿಲ್ಲ. ಗ್ರಂಥವನ್ನು ಮುಚ್ಚಿ ಕಣ್ಣಿಗೊತ್ತಿಕೊಂಡೆ. ಭಗವಂತ ಅರಿಯದವನಲ್ಲ. ಹನ್ನೊಂದಕ್ಕೆ ಯೂನಿವರ್ಸಿಟಿಯಲ್ಲಿ ಇಂಟರ್‌ವ್ಯೂ.

ಪತ್ರಿಕೆ ಬಂತು. ಮುಖಪುಟದಲ್ಲಿ ನಾಲ್ಕು ತಪ್ಪು, ಒಳಪುಟಗಳಲ್ಲಿ ಹನ್ನೊಂದು. ಎಣಿಸಿ ಮುಗಿಸಿದಾಗ ಕೆಂಪು ಪೆನ್ನು ಕೈಯಲ್ಲಿತ್ತು. ಯಾವಾಗ ತೆಗೆದುಕೊಂಡೆನೋ ತಿಳಿಯದು. ಪ್ರೆಸ್ ಮುಚ್ಚಿ ಎರಡು ವರ್ಷವಾಯಿತು. ಮೂವತ್ತಾರು ವರ್ಷ ಪ್ರೂಫ್ ನೋಡಿದ ಈ ಕೈಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ. ಸೊಸೆ ಕಾಫಿ ಇಡುತ್ತ ನಕ್ಕಳು. ರದ್ದಿಯವನು ದೂರುತ್ತಾನಂತೆ — ನಿಮ್ಮ ಮನೆಯ ಪೇಪರುಗಳೆಲ್ಲ ಪರೀಕ್ಷೆಯಲ್ಲಿ ಫೇಲಾದ ಹಾಗೆ ಕಾಣುತ್ತವೆ ಎಂದು.

ನನಗೂ ನಗು ಬಂತು. ಆದರೂ ಗಡಿಯಾರವನ್ನು ಮತ್ತೆ ಮತ್ತೆ ನೋಡಿದೆ. ಅರವತ್ತಾರರ ವಯಸ್ಸಿಗೆ ಇದು ಶೋಭಿಸುವುದಿಲ್ಲ.

ಅದೇ ದಿನ, ಸಂಜೆ ೫

ಉದ್ದನೆಯ ಮೇಜು. ಆಚೆಗೆ ಮೂವರು. ನಡುವೆ ವಿಭಾಗದ ಮುಖ್ಯಸ್ಥೆ — ನನ್ನ ಮಗನ ವಯಸ್ಸಿನವಳು. ಇಪ್ಪತ್ತು ವರ್ಷದ ಕೆಳಗೆ ಆಕೆಯ ಪ್ರಬಂಧ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದದ್ದು. ನಾನೂರು ಪುಟ ತಿದ್ದಿದವಳು ನಾನು. ಶಕಾರ ಷಕಾರಗಳ ವಿಷಯದಲ್ಲಿ ಆಕೆ ಬಹಳ ಉದಾರಿ. ಆಕೆಗೆ ನನ್ನ ಗುರುತಿಲ್ಲ. ಹೇಳಿಕೊಳ್ಳುವುದು ಸಭ್ಯತೆಯಲ್ಲವೆಂದು ಸುಮ್ಮನಿದ್ದೆ.

ಎಂ.ಎ. ಯಾವಾಗ ಎಂದು ಕೇಳಿದರು. ಐವತ್ತೆಂಟನೆಯ ವಯಸ್ಸಿನಲ್ಲಿ, ಅಂಚೆಯ ಮೂಲಕ, ಎಂದೆ. ಕೊನೆಯಲ್ಲಿ ಕುಳಿತಿದ್ದ ದಪ್ಪ ಮೀಸೆಯವರು, ಪಾಠ ಮಾಡಿದ ಅನುಭವವೇನಾದರೂ ಇದೆಯೇ ಎಂದರು. ಇಲ್ಲ ಎಂದೆ. ಅವರು ಏನೋ ಬರೆದುಕೊಂಡರು. ಎರಡೇ ಅಕ್ಷರದ ಉತ್ತರಕ್ಕೆ ಅಷ್ಟು ಹೊತ್ತು ಬರೆಯುವುದೇನಿತ್ತೋ…

ಆಮೇಲೆ ಹಳೆಯ ಪುಸ್ತಕವೊಂದನ್ನು ಮುಂದಕ್ಕೆ ತಳ್ಳಿ, ಓದಿ ಎಂದರು. ಇಡೀ ಪುಟಕ್ಕೆ ಒಂದೇ ವಾಕ್ಯ. ಓದಿದೆ. ಚಿಕ್ಕಂದಿನಲ್ಲಿ ತಂದೆಯವರು ಇಂಥ ವಾಕ್ಯಗಳನ್ನು ನನ್ನಿಂದ ಓದಿಸುವಾಗ ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಬೆರಳು ಇಳಿಯುವ ತನಕ ಉಸಿರು ಬಿಡುವಂತಿಲ್ಲ. ಇಂದು ಆ ಬೆರಳು ಕಂಡಿತು. ಓದಿ ಮುಗಿಸಿದಾಗ ಫ್ಯಾನಿನ ಸದ್ದು ಮತ್ತೆ ಕೇಳಿಸಿತು.

ಮುಖ್ಯಸ್ಥೆ ಮೆಲ್ಲಗೆ, "ಇದನ್ನ ಮಕ್ಕಳ ಕೈಲಿ ಓದಿಸೋಕಾಗತ್ತಾ ಮೇಡಂ?" ಎಂದಳು.

"ನನ್ನಿಂದ ಓದಿಸಿದವರೊಬ್ಬರಿದ್ದರು. ಅವರು ಮಾಡಿದ್ದನ್ನು ಮಾಡುತ್ತೇನೆ" ಎಂದೆ.

ಇಡೀ ಆಯುಷ್ಯ ಪರರ ವಾಕ್ಯಗಳ ಅಂಚಿನಲ್ಲಿ, ಒಂದೂವರೆ ಅಂಗುಲ ಜಾಗದಲ್ಲಿ, ಸದ್ದಿಲ್ಲದೆ ಬದುಕಿದವಳು. ಒಮ್ಮೆಯಾದರೂ ಪುಟದ ನಡುವೆ ನಿಂತು ಬಾಯಿ ತೆರೆದು ಓದಿಸಬೇಕು. ಈ ಕೆಲಸ ಬೇಕು. ಬೇಡವೆಂದು ದೇವರೆದುರು ನಟಿಸಲಾರೆ.

ಜುಲೈ ೧೦, ಸೋಮವಾರ. ರಾತ್ರಿ ೮

ಬಂತು.

ದಪ್ಪ ಲಕೋಟೆ, ಒಳಗೆ ಒಂದೇ ಹಾಳೆ. "ತಮ್ಮನ್ನು ಈ ವಿಭಾಗದಲ್ಲಿ ಅಕಾಲಿಕ ಬೋಧಕಿಯನ್ನಾಗಿ ನೇಮಿಸಲಾಗಿದೆ." ಅರೆಕಾಲಿಕ ಎಂದಿರಬೇಕಾದಲ್ಲಿ 'ರೆ' ಬಿದ್ದುಹೋಗಿದೆ. ಮಂಗಳವಾರ, ಶುಕ್ರವಾರ ಎರಡೆರಡು ಗಂಟೆ. ವಿಷಯ: ಹಳೆಯ ಗದ್ಯದ ಓದು. ಇದೇ ತಿಂಗಳ ಇಪ್ಪತ್ತೆಂಟರೊಳಗೆ ಹಾಜರಾಗತಕ್ಕದ್ದು; ತಪ್ಪಿದಲ್ಲಿ ಪಟ್ಟಿಯಲ್ಲಿ ಮುಂದಿನವರಿಗೆ.

ಸಂತೋಷವಾಯಿತೆಂದು ಬರೆಯಲು ಹೊರಟೆ. ನಿಜ ಹೇಳಬೇಕೆಂದರೆ ಸಂತೋಷ ಎರಡನೆಯದಾಗಿ ಬಂತು. ಮೊದಲು ಬಂದದ್ದು ಪೆನ್ನು. ಅ-ಕಾರಕ್ಕೂ ಕಾ-ಕಾರಕ್ಕೂ ನಡುವೆ ಕಾಗೆಕಾಲಿನ ಗುರುತು, ಅದರ ಮೇಲೆ ಅಂದವಾಗಿ 'ರೆ', ಅಂಚಿನಲ್ಲಿ ಒಂದು ಅಡ್ಡಗೆರೆ. ಎಲ್ಲವೂ ಕೆಂಪಿನಲ್ಲಿ. ತಿದ್ದಿದ ಮೇಲೆ ದೇವರ ಮುಂದಿಟ್ಟು ನಮಸ್ಕರಿಸಿದೆ.

ಸಂಜೆ ತಮ್ಮ ಬಂದಿದ್ದ. ರೈಲ್ವೆಯಲ್ಲಿ ಟಿಕೆಟ್ ಕೊಟ್ಟು ನಿವೃತ್ತನಾದವನು. ಈಗ ಊರಿಗೆಲ್ಲ ಉಚಿತವಾಗಿ ಅಭಿಪ್ರಾಯ ಕೊಡುತ್ತಾನೆ. ಕನ್ನಡಕವೇರಿಸಿ ಓದಿದ.

"ಅಕ್ಕ, ಅವರು ಸರಿಯಾಗೇ ಬರ್ದಿದ್ರಲ್ಲ. ಅರವತ್ತಾರಕ್ಕೆ ಮೇಷ್ಟ್ರ ಕೆಲಸ ಅಂದ್ರೆ ಅಕಾಲಿಕವೇ ತಾನೇ? ನೀನು ಯಾಕೆ ಕೆಡಿಸ್ದೆ?"

ಸೊಸೆ ಅಡುಗೆಮನೆಯಿಂದಲೇ ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ಎಲ್ಲೋ ನಾಟಿತು.

ಜುಲೈ ೧೧, ಮಂಗಳವಾರ. ಮಧ್ಯಾಹ್ನ ೩

ಆಡಳಿತ ಕಚೇರಿ. ನಾಲ್ಕನೆಯ ಕಿಟಕಿ. ಗುಮಾಸ್ತರು ಐವತ್ತರ ಆಸುಪಾಸು, ಕನ್ನಡಕಕ್ಕೆ ದಾರ, ಮೇಜಿನ ಮೇಲೆ ಟೇಪು ಸುತ್ತಿದ ಸ್ಟೇಪ್ಲರ್. ಆದೇಶವನ್ನು ಬಿಡಿಸಿದರು. ಮುಖ ಇಳಿಯಿತು.

"ಇದನ್ನ ಯಾರು ತಿದ್ದಿದ್ದು?"

"ನಾನೇ."

"ಯಾಕಮ್ಮಾ?"

"ತಪ್ಪಿತ್ತು."

ಕನ್ನಡಕವನ್ನು ದಾರದಲ್ಲಿ ಇಳಿಬಿಟ್ಟರು. ರಿಜಿಸ್ಟ್ರಾರ್ ಸಹಿಯಾದ ಮೂಲಪ್ರತಿಯ ಮೇಲೆ ಬೇರೆ ಕೈಬರಹ ಬಿದ್ದರೆ ಆ ಆದೇಶ ಕೆಟ್ಟಂತೆಯೇ ಎಂದು ವಿವರಿಸಿದರು. ಅದನ್ನಿಟ್ಟುಕೊಂಡು ಹಾಜರಿ ಹಾಕಿಸಿಕೊಳ್ಳಲಾಗದು. ಹೊಸದು ಬೇಕು. ರಿಜಿಸ್ಟ್ರಾರ್ ಪ್ರವಾಸದಲ್ಲಿದ್ದಾರೆ, ಬರುವುದು ಇಪ್ಪತ್ತಾರು ಇಪ್ಪತ್ತೇಳಕ್ಕೆ. ಮಾಮೂಲಿನ ದಾರಿಯಲ್ಲಿ ಹೋದರೆ ಕಡತ ಮತ್ತೆ ಸಮಿತಿಗೆ, ಅಲ್ಲಿಂದ ಒಂದು ತಿಂಗಳು. ಇಪ್ಪತ್ತೆಂಟು ದಾಟಿಹೋಗುತ್ತದೆ.

ಆಮೇಲೆ ಕಿಟಕಿಯತ್ತ ಬಗ್ಗಿ, ದನಿ ತಗ್ಗಿಸಿ, ಒಂದು ಉಪಾಯ ಹೇಳಿದರು. "ಮನೇಲಿ ಮಗು ಗೀಚಿಬಿಡ್ತು ಅಂತ ಒಂದು ಸಾಲು ಬರ್ಕೊಡಿ. ಹಾಳಾದ ಪ್ರತಿಗೆ ಬದಲಿ ಕೊಡೋದು ನನ್ನ ಕೈಲೇ ಇದೆ. ನಾಡಿದ್ದು ತೊಗೊಂಡ್ಹೋಗಿ."

ಒಳ್ಳೆಯ ಮನುಷ್ಯ. ನನಗಾಗಿಯೇ ಹೇಳಿದ್ದು. ಯೋಚಿಸಿ ಬರುತ್ತೇನೆಂದು ಎದ್ದೆ.

ನಮ್ಮ ಮನೆಯಲ್ಲಿ ಮಗುವೇ ಇಲ್ಲ.

ಜುಲೈ ೧೨, ಬುಧವಾರ. ಬೆಳಿಗ್ಗೆ ೭

ಜಪ ಮಾಡುವಾಗಲೂ ಅದೇ. ಆ ಒಂದು ಸಾಲು ನಾಲಿಗೆಯ ತುದಿಯಲ್ಲಿ ಎಷ್ಟು ಸಲೀಸಾಗಿ ಕುಳಿತಿದೆ! ಇಲ್ಲದ ಮಗುವಿನ ತಲೆಯ ಮೇಲೆ ನನ್ನ ತಪ್ಪನ್ನು ಹೊರಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಹಾಗೆ ಪಡೆದ ಆದೇಶವನ್ನಿಟ್ಟುಕೊಂಡು ಮಕ್ಕಳೆದುರು ನಿಂತು, ಪುಟದಲ್ಲಿ ಇದ್ದದ್ದನ್ನು ಇದ್ದಂತೆಯೇ ಓದಿ ಎಂದು ಹೇಳಬೇಕು. ಹೇಗೆ ಹೇಳಲಿ?

ಇಲ್ಲ. ರಿಜಿಸ್ಟ್ರಾರ್ ಅವರಿಗೇ ಅರ್ಜಿ ಬರೆದೆ. ಇದ್ದದ್ದು ಇದ್ದಂತೆ. "…ಆದೇಶಪತ್ರವು ಕೈಸೇರಿದೊಡನೆ ಅದರೊಳಗಿನ ಅನುಗ್ರಹವನ್ನು ಹೃದಯವು ಅರಿಯುವುದಕ್ಕೆ ಮುಂಚೆಯೇ ಅದರೊಳಗಿನ ದೋಷವನ್ನು ಕಣ್ಣು ಕಂಡುದರಿಂದಲೂ, ಕಣ್ಣು ಕಂಡುದನ್ನು ಕೈಯು ಮೂವತ್ತಾರು ವರ್ಷಗಳಿಂದ ಯಾರ ಅಪ್ಪಣೆಗೂ ಕಾಯದೆ ತಿದ್ದುತ್ತ ಬಂದುದರಿಂದಲೂ…" — ಹೀಗೆ ಒಂದೂವರೆ ಪುಟ. ಆ ಪ್ರೆಸ್ಸಿನ ಕಥೆ, ಈ ಕೈಯ ಕಥೆ, ಕ್ಷಮೆ, ಪ್ರಾರ್ಥನೆ, ಎಲ್ಲ ಅದರಲ್ಲೇ.

ಮಧ್ಯಾಹ್ನ ೧

ಗುಮಾಸ್ತರು ಅರ್ಜಿಯನ್ನು ಮೇಲಿಂದ ಕೆಳಗೆ ನೋಡಿದರು. ತಿರುಗಿಸಿ ನೋಡಿದರು. "ಇದರಲ್ಲಿ ಪೂರ್ಣವಿರಾಮ ಎಲ್ಲಿದೆಯಮ್ಮಾ?"

ಕೊನೆಯಲ್ಲಿದೆ ಎಂದು ತೋರಿಸಿದೆ.

ಇದನ್ನು ಯಾರೂ ಓದುವುದಿಲ್ಲ, ಬೇಡವೆಂದರೆ ಕೇಳುತ್ತಿಲ್ಲ ನೀವು, ಎನ್ನುತ್ತಲೇ ಮೊಹರು ಒತ್ತಿ ಕಡತದಲ್ಲಿ ಸೇರಿಸಿದರು. ಹಾಗೆಯೇ ವಿಭಾಗಕ್ಕೆ ಹೋಗಿ ಮುಖ್ಯಸ್ಥೆಗೆ ಎಲ್ಲವನ್ನೂ ಹೇಳಿದೆ. ಆಕೆ ಹಣೆ ಒತ್ತಿಕೊಂಡಳು. ತರಗತಿ ವೇಳಾಪಟ್ಟಿಯಲ್ಲಿದೆ, ಮಕ್ಕಳು ಕಾಯುತ್ತಿದ್ದಾರೆ. ಆದೇಶ ಬರುವವರೆಗೆ ಅತಿಥಿಯಾಗಿ ಬನ್ನಿ, ಅದಕ್ಕೆ ನನಗೆ ಅಧಿಕಾರವಿದೆ, ಎಂದಳು. ಇಪ್ಪತ್ತೆಂಟರ ನಂತರ ಮಾತ್ರ ಅವಳ ಕೈಯಲ್ಲಿ ಏನೂ ಇಲ್ಲ.

ಜುಲೈ ೧೪, ಶುಕ್ರವಾರ. ಸಂಜೆ ೪

ಮೊದಲ ತರಗತಿ. ಏಳು ಮಂದಿ. ಕೊಠಡಿ ಹನ್ನೆರಡು, ಕಿಟಕಿಯ ಒಂದು ಗಾಜಿಗೆ ರಟ್ಟು ಹೊಡೆದಿದೆ.

ಕೆಟ್ಟದಾಗಿ ಹೋಯಿತು. ಒಪ್ಪವಾಗಿ ಬರೆಯುವ ಅಭ್ಯಾಸವಿದ್ದರೂ ಇದನ್ನು ಒಪ್ಪ ಮಾಡಲಾರೆ.

ಹೆಸರು ಹೇಳುವುದನ್ನೇ ಮರೆತೆ. ನೇರ ಪುಟ ಹಂಚಿದೆ. ಮುಂದಿನ ಸಾಲಿನ ಹುಡುಗಿ ಓದಲು ಎದ್ದಳು. ನಸುಕಿನಿಂದ ಬೇಕರಿಯಲ್ಲಿ ಕೆಲಸ ಮಾಡಿ ಬರುತ್ತಾಳಂತೆ, ಕಣ್ಣಲ್ಲಿ ನಿದ್ದೆ, ತೋಳಿನಲ್ಲಿ ಹಿಟ್ಟು. ನಾಲ್ಕು ಸಾಲು ಓದಿದಳು. ಒಂಬತ್ತು ಸಲ ತಡೆದೆ. ಆ ಅಕ್ಷರ ಹಾಗಲ್ಲ, ಇಲ್ಲಿ ಬಿಡಿಸಬಾರದು, ಅಲ್ಲಿ ದೀರ್ಘ. ಒಂಬತ್ತನೆಯ ಸಲಕ್ಕೆ ಅವಳು ತಾನಾಗಿ ಕುಳಿತು, ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಆಮೇಲೆ ಯಾರೂ ಓದಲು ಏಳಲಿಲ್ಲ. ಉಳಿದ ಒಂದು ಗಂಟೆ ನಾನೇ ಓದಿದೆ. ಬೆಂಚಿನ ಮೇಲೆ ಹೆಲ್ಮೆಟ್ಟಿಟ್ಟು ಅದರ ಹಿಂದೆ ತಲೆ ಮರೆಸಿಕೊಂಡಿದ್ದವನು ಮಲಗಿಯೇಬಿಟ್ಟ.

ಪ್ರೂಫಿಗೆ ನೋವಾಗುವುದಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯಲು ಇಷ್ಟು ವಯಸ್ಸಾಗಬೇಕಾಯಿತು. ತಂದೆಯವರ ಬೆರಳನ್ನು ನೆನೆದೆ. ಅದು ಎತ್ತಿ ಹಿಡಿದ ಬೆರಳು. ಚುಚ್ಚಿದ ಬೆರಳಲ್ಲ.

ಜುಲೈ ೧೮, ಮಂಗಳವಾರ. ಸಂಜೆ ೪.೩೦

ಐದೇ ಮಂದಿ. ಬೇಕರಿಯವಳು ಇರಲಿಲ್ಲ. ಆಗಲಿ ಎಂದು ಆರಂಭಿಸುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದಳು. ಜೀವ ಬಂದಂತಾಯಿತು.

ಎಲ್ಲರೂ ಕಾಣುವಂತೆ ಕೆಂಪು ಪೆನ್ನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಹೋದ ಸಲ ನಾನು ತಪ್ಪು ಮಾಡಿದೆ, ಇವತ್ತು ಓದುವವರು ನಿಲ್ಲಿಸುವ ತನಕ ನಾನು ಬಾಯಿ ತೆರೆಯುವುದಿಲ್ಲ, ಎಂದೆ. ಹುಡುಗಿಯತ್ತ ನೋಡಲಿಲ್ಲ. ಅವಳೇ ಎದ್ದಳು.

ನಾನೇ ಬರೆದುಕೊಂಡು ಹೋದ ಪುಟ. ಬೇಟೆಗೆ ಹೋದ ಅರಸ ಸಂಜೆಯಾದರೂ ಬಂದಿಲ್ಲ. ಉಪ್ಪರಿಗೆಯಲ್ಲಿ ಕಾತರಳಾದ ರಾಣಿಗೆ ಗೆಳತಿ ಧೈರ್ಯ ಹೇಳುತ್ತಾಳೆ — "ಬಾರದಿರನರಸಂ" ಎಂದು. ಹುಡುಗಿ ಅದನ್ನು ಓದಿದಳು: ಬಾರದಿರ… ನರಸಂ.

ನಾಲಿಗೆ ಕಚ್ಚಿಕೊಂಡೆ. ಅಕ್ಷರಶಃ. ಈಗಲೂ ಉರಿಯುತ್ತಿದೆ.

ಅವಳು ಪುಟದ ಕೊನೆ ಮುಟ್ಟಿದಳು. ತಲೆಯೆತ್ತಿ, "ಮೇಡಂ, ಈ ನರಸ ಯಾರು? ಅವನಿಗೆ ಬರಬೇಡ ಅಂತ ಯಾಕೆ ಹೇಳ್ತಾಳೆ?" ಎಂದಳು.

ನೀವೇ ಹುಡುಕಿ ಎಂದೆ. ಅಷ್ಟು ಸಾಕಾಯಿತು. ಎಲ್ಲದಕ್ಕೂ ವಾದ ಹೂಡುವವನೊಬ್ಬನಿದ್ದಾನೆ, ಉಳಿದವರು ಅವನನ್ನು ವಕೀಲ ಎನ್ನುತ್ತಾರೆ. ಅವನ ಪ್ರಕಾರ ನರಸ ರಾಣಿಯ ಗುಟ್ಟಿನ ಪ್ರಿಯಕರ. ಅರಸ ಊರಲ್ಲಿಲ್ಲ, ಆದರೂ ಈ ಹೊತ್ತಿನಲ್ಲಿ ಬರಬೇಡವೆಂದು ಗೆಳತಿ ಎಚ್ಚರಿಸುತ್ತಿದ್ದಾಳೆ. ಹೆಲ್ಮೆಟ್ಟಿನ ಹುಡುಗ ಎದ್ದು ಕುಳಿತು, ಹಾಗಿದ್ದರೆ ಅವನು ಬೇರೆಲ್ಲೂ ಏಕಿಲ್ಲ ಎಂದು ಕೇಳಿದ. ಆರು ಮಂದಿ ಸೇರಿ ಪುಟವನ್ನೆಲ್ಲ ಜಾಲಾಡಿದರು. ನರಸ ಎಲ್ಲೂ ಇಲ್ಲ. ಹತ್ತು ನಿಮಿಷವಾಗಿರಬೇಕು. ಹುಡುಗಿ ಹಾಳೆಯ ಮೇಲೆ ಬೆರಳಿಟ್ಟು ತನ್ನೊಳಗೆ ತಾನೇ ಗುನುಗುತ್ತಿದ್ದವಳು ಥಟ್ಟನೆ ನಿಂತಳು.

"ಕತ್ತರಿಸಿದ್ದೇ ತಪ್ಪು. ಬಾರದೆ ಇರನು… ಅರಸ. ಅರಸ ಬರದೇ ಇರಲ್ಲ." ಸ್ವಲ್ಪ ತಡೆದು, ಮೆಲ್ಲಗೆ, "ಬಂದೇ ಬರ್ತಾನೆ."

ಕೊಠಡಿಯಲ್ಲಿ ಒಂದು 'ಓ' ಎದ್ದಿತು. ನಾನು ಹೇಳಿದ್ದರೆ ಒಂದು ಕ್ಷಣದ ಕೆಲಸ. ಇನ್ನೊಂದು ಕ್ಷಣದಲ್ಲಿ ಮರೆತೂ ಬಿಡುತ್ತಿದ್ದರು.

ವಕೀಲನಿಗೆ ಮಾತ್ರ ನರಸನನ್ನು ಕಳೆದುಕೊಂಡ ದುಃಖ. ಕಥೆ ಅವನಿದ್ದಾಗಲೇ ಚೆನ್ನಾಗಿತ್ತು ಎಂದು ಗೊಣಗಿದ. ಒಪ್ಪತಕ್ಕ ಮಾತೇ.

ಜುಲೈ ೨೧, ಶುಕ್ರವಾರ

ಒಂಬತ್ತು ಮಂದಿ! ಇಬ್ಬರು ಬೇರೆ ವಿಭಾಗದವರು, ಹೆಲ್ಮೆಟ್ಟು ಕರೆತಂದದ್ದು. ಮುಖ್ಯಸ್ಥೆ ಬಾಗಿಲಲ್ಲಿ ನಿಂತು, ಆದೇಶ ಇನ್ನೂ ಬಂದಿಲ್ಲ, ಬಾರದಿದ್ದರೆ ಇಪ್ಪತ್ತೆಂಟರ ಮೇಲೆ ಬೇರೆಯವರು ಪಾಠ ಮಾಡುತ್ತಾರೆ ಎಂದು ಅವರಿಗೂ ತಿಳಿಸಿ ಹೋದಳು. ಆಮೇಲೆ ವಕೀಲ:

"ಹಾಗಾದ್ರೆ ಮೇಡಂ ಆರ್ಡರ್ರೇ ನಮ್ಮ ನರಸ. ಹೆಸರಿದೆ, ಆಳಿಲ್ಲ."

ಬೇಕರಿಯವಳು ತಿರುಗಿ ಅವನನ್ನು ಗದರಿದಳು. ನಾನು ನಕ್ಕುಬಿಟ್ಟೆ, ಎಲ್ಲರೂ ನಕ್ಕರು. ಕಣ್ಣೊರೆಸಿಕೊಂಡದ್ದು ನಗೆಯಿಂದಲೇ ಎಂದು ಅವರು ತಿಳಿದಿರಲಿ.

ಜುಲೈ ೨೬, ಬುಧವಾರ. ಸಂಜೆ ೬

ನಾಲ್ಕು ದಿನ ಬರೆಯಲಾಗಲಿಲ್ಲ. ಬರೆಯಲು ಏನೂ ಇರಲಿಲ್ಲ. ನಿನ್ನೆಯ ತರಗತಿಗೆ ಹೋಗುವಾಗ ಮೆಟ್ಟಿಲ ಬಳಿಯೇ ಮಕ್ಕಳು ಕೇಳಿದರು, ನರಸ ಬಂದನಾ ಎಂದು. ಇಲ್ಲವೆಂದು ತಲೆಯಾಡಿಸಿದೆ.

ಇಂದು ನಾಲ್ಕನೆಯ ಕಿಟಕಿಗೆ ಹೋಗಿದ್ದೆ. ರಿಜಿಸ್ಟ್ರಾರ್ ಬಂದಿಲ್ಲ. ಪಟ್ಟಿಯಲ್ಲಿ ಮುಂದಿನವರು ಎರಡು ಸಲ ಫೋನ್ ಮಾಡಿ ವಿಚಾರಿಸಿದರಂತೆ. ಅವರಿಗೂ ಬೇಕಾದ ಕೆಲಸವೇ. ಬಯ್ಯಲು ಮನಸ್ಸು ಬರಲಿಲ್ಲ. ಗುಮಾಸ್ತರು ನನ್ನ ಮುಖ ನೋಡದೆ, ಆ ಒಂದು ಸಾಲು ಈಗಲೂ ನಡೆಯುತ್ತದೆ ಎಂದರು. ಬಿಳಿ ಹಾಳೆಯನ್ನೂ ಮುಂದಿಟ್ಟರು. ಪೆನ್ನಿನ ಮುಚ್ಚಳ ತೆಗೆದೆ. ತೆಗೆದೆ ಎಂದು ಇಲ್ಲಿ ಬರೆದಿಡುತ್ತೇನೆ. ಆಮೇಲೆ ಮುಚ್ಚಿ, ನಮಸ್ಕಾರ ಹೇಳಿ ಬಂದೆ.

ತಮ್ಮನಿಗೆ ಸಿಟ್ಟು. ನನ್ನ ಮೇಲಿನ ಪ್ರೀತಿಗೆ ಅವನಲ್ಲಿ ಬೇರೆ ಭಾಷೆಯಿಲ್ಲ. "ಇಷ್ಟುದ್ದದ ಒಂದು ಸುಳ್ಳು. ಅಷ್ಟು ಸಣ್ಣಕ್ಷರ ಆ ದೇವರು ಓದ್ತಾನೇನೇ ಅಕ್ಕ?"

"ನನಗೆ ಪ್ರೂಫ್ ನೋಡಲು ಕಲಿಸಿದವನೇ ಅವನು" ಎಂದೆ.

ಹೋಗುವಾಗ ಬಾಗಿಲಲ್ಲಿ ನಿಂತು, ಪಾಠ ಚೆನ್ನಾಗಿ ಹೋಗುತ್ತಿದೆಯಂತಲ್ಲ ಎಂದ. ಸೊಸೆ ಹೇಳಿರಬೇಕು. ಅಷ್ಟು ಮೆತ್ತಗೆ ಅವನು ಮಾತಾಡಿದ್ದು ಎಷ್ಟು ವರ್ಷವಾಯಿತೋ.

ಸಿಗದಿದ್ದರೂ ನಾಲ್ಕು ತರಗತಿ ಸಿಕ್ಕಿತು. ಇದನ್ನು ಬರೆದು ಎರಡು ಸಲ ಓದಿದೆ. ವಾಕ್ಯ ಸರಿಯಾಗಿದೆ. ಮನಸ್ಸು ಇನ್ನೂ ಒಪ್ಪಿಲ್ಲ.

ಜುಲೈ ೨೭, ಗುರುವಾರ. ಸಂಜೆ ೫.೧೫

ಕರೆ ಬಂತು. ಮಧ್ಯಾಹ್ನ ಮೂರಕ್ಕೆ ರಿಜಿಸ್ಟ್ರಾರ್ ಕೊಠಡಿಗೆ. ನಡೆದೇ ಹೋದೆ, ಬಸ್ಸಿಗೆ ಕಾಯುವ ತಾಳ್ಮೆಯಿರಲಿಲ್ಲ.

ತೆಳ್ಳನೆಯ ಮನುಷ್ಯ, ಪ್ರಯಾಣದ ಆಯಾಸ. ಮೇಜಿನ ಮೇಲೆ ನನ್ನ ಒಂದೂವರೆ ಪುಟ, ಪಕ್ಕದಲ್ಲಿ ಕೆಂಪಾದ ಆದೇಶ. ನಾನು ಕುಳಿತ ಮೇಲೂ ಅವರು ಅರ್ಜಿಯನ್ನೇ ಓದುತ್ತಿದ್ದರು.

"ಮೂರು ಸಲ ಓದಿದೆ" ಎಂದರು. "ಮೊದಲನೇ ಸಲ ನಡುವೆ ಎಲ್ಲೋ ಕಳೆದುಹೋದೆ."

ಕ್ಷಮಿಸಿ ಎಂದೆ.

"ಇಲ್ಲಿಗೆ ಬರೋ ಅರ್ಜಿಗಳಲ್ಲಿ ಎಲ್ಲಾ ತಪ್ಪೂ ಮಕ್ಕಳದು, ಇಲಿಗಳದು, ಮಳೆಯದು. ತಾನೇ ಮಾಡ್ದೆ ಅಂತ ಬರ್ದಿದ್ದನ್ನ ಓದಿ ಅಭ್ಯಾಸ ಇಲ್ಲ. ಅದಕ್ಕೇ ಮೂರು ಸಲ ಬೇಕಾಯ್ತು."

ತಪ್ಪು ಮೊದಲು ಕಚೇರಿಯದು, ಆದ್ದರಿಂದ ತಿದ್ದಿದ ಆದೇಶ ಹೊರಡಿಸಲು ಸಮಿತಿ ಬೇಕಿಲ್ಲ ಎಂದು ಅರ್ಜಿಯ ಅಂಚಿನಲ್ಲಿ ಬರೆದು ಸಹಿ ಹಾಕಿದರು. ಅಂಚಿನಲ್ಲಿ! ನಾಳೆ ಬೆಳಿಗ್ಗೆ ನಾಲ್ಕನೆಯ ಕಿಟಕಿಯಲ್ಲಿ ಸಿಗುತ್ತದೆ. ಇನ್ನು ಮುಂದೆ ಕಚೇರಿಯ ಕಾಗದದ ಮೇಲೆ ಪೆನ್ನಿಡಬೇಡಿ ಎಂದರು. ಮಾತು ಕೊಟ್ಟೆ.

ಮನೆಗೆ ಬಂದು ದೀಪಕ್ಕೆ ಎಣ್ಣೆ ಹಾಕಿದೆ.

ಜುಲೈ ೨೮, ಶುಕ್ರವಾರ. ಬೆಳಿಗ್ಗೆ ೯.೪೦. ಕೊಠಡಿ ಹನ್ನೆರಡರ ಹೊರಗಿನ ಬೆಂಚು

ಹತ್ತಕ್ಕೆ ತರಗತಿ. ಇಪ್ಪತ್ತು ನಿಮಿಷವಿದೆ, ಬರೆದುಬಿಡುತ್ತೇನೆ.

ಒಂಬತ್ತಕ್ಕೇ ಕಿಟಕಿಯ ಮುಂದೆ ನಿಂತಿದ್ದೆ. ಗುಮಾಸ್ತರು ಇಂದು ಹೊಸ ಅಂಗಿ. ಆದೇಶವನ್ನು ಎರಡೂ ಕೈಯಿಂದ ಕೊಟ್ಟರು. ಪಕ್ಕದಲ್ಲಿ ಹಾಜರಿ ವರದಿ, ಅದರ ಮೇಲೆ ಅವರದೇ ಪೆನ್ನು. ನೀಲಿ.

ಓದಿದೆ. ಅರೆಕಾಲಿಕ — ಸರಿಯಾಗಿದೆ. 'ರೆ' ತನ್ನ ಜಾಗದಲ್ಲಿ ಗಟ್ಟಿಯಾಗಿ ಕುಳಿತಿದೆ. ಅದರ ಪಕ್ಕದ ಪದ: ಬಾಧಕಿ.

ಮತ್ತೊಮ್ಮೆ ಓದಿದೆ. "ತಮ್ಮನ್ನು ಈ ವಿಭಾಗದಲ್ಲಿ ಅರೆಕಾಲಿಕ ಬಾಧಕಿಯನ್ನಾಗಿ ನೇಮಿಸಲಾಗಿದೆ."

ಕೈ ಚೀಲದ ಜಿಪ್ಪಿನ ಮೇಲಿತ್ತು. ನಾನು ಇಟ್ಟದ್ದಲ್ಲ; ಅದೇ ಹೋಗಿತ್ತು. ತಲೆಯೆತ್ತಿ ನೋಡಿದರೆ ಗುಮಾಸ್ತರು ಉಸಿರು ಬಿಗಿಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದರು. ಅವರಿಗೂ ಕಂಡಿದೆ. ಸಹಿಯಾಗಿ, ಮೊಹರು ಬಿದ್ದ ಮೇಲೆ ಕಂಡಿದೆ.

"ಕಾಣ್ತಾ ಇದೆಯಾ ಅಮ್ಮಾ?"

"ಕಾಣುತ್ತಿದೆ."

"ತಿದ್ದಲ್ವಾ?"

ಬೇಕರಿಯ ಹುಡುಗಿಯ ಬೆರಳು ನೆನಪಾಯಿತು. ಪುಟದ ಕೊನೆ ಮುಟ್ಟಿದ ಮೇಲೆ ಹಿಂದಕ್ಕೆ ಹೋಗಿ ತಾನೇ ಹುಡುಕಿದ ಬೆರಳು. "ಮೊದಲು ಹಾಜರಿ. ತಪ್ಪಿನ ಅರ್ಜಿಯನ್ನು ಸೋಮವಾರ ತಂದುಕೊಡುತ್ತೇನೆ" ಎಂದು ಅವರ ನೀಲಿ ಪೆನ್ನಿನಿಂದ ಸಹಿ ಹಾಕಿದೆ. ದಿನಾಂಕ, ವೇಳೆ: ೯.೧೨, ಪೂರ್ವಾಹ್ನ.

ಅವರು ಉಸಿರು ಬಿಟ್ಟರು. ಮೊಹರು ಒತ್ತುತ್ತ, "ಈ ಸಲ ನಡುವೆ ನಾಲ್ಕೈದು ಪೂರ್ಣವಿರಾಮ ಹಾಕಿ ಬರೀರಿ, ನಾನೂ ಓದ್ತೀನಿ" ಎಂದರು.

ಹಾಗಾದರೆ ಇಂದಿನಿಂದ ಅರೆಕಾಲಿಕ ಬಾಧಕಿ. ಶುಕ್ರವಾರ, ಮಂಗಳವಾರ, ಎರಡೆರಡು ಗಂಟೆ ಬಾಧೆ. ತಮ್ಮನಿಗೆ ಇದನ್ನು ತೋರಿಸುವುದೋ ಬೇಡವೋ… ತೋರಿಸಿದರೆ ನನ್ನ ಆಯುಷ್ಯವಿರುವ ತನಕ ಬಿಡುವುದಿಲ್ಲ. ತೋರಿಸುತ್ತೇನೆ. ಅಕಾಲಿಕ ಎಂಬುದು ಮಾತ್ರ ಹೋಯಿತು ನೋಡು ಎಂದು ಹೇಳಬೇಕು.

ಇನ್ನೂ ಹತ್ತು ನಿಮಿಷ. ಮೆಟ್ಟಿಲಲ್ಲಿ ಸದ್ದು. ಬೇಕರಿಯವಳು, ಹಿಂದೆ ಹೆಲ್ಮೆಟ್ಟು, ವಕೀಲ ಆಗಲೇ ಏನೋ ವಾದಿಸುತ್ತ ಬರುತ್ತಿದ್ದಾನೆ. ಹುಡುಗಿ ನನ್ನನ್ನು ಕಂಡು ಅಲ್ಲಿಂದಲೇ ಕೇಳಿದಳು, ನರಸ ಬಂದನಾ ಮೇಡಂ ಎಂದು. ಬಂದ, ಎಂದೆ. ಓಡಿ ಬರುತ್ತಿದ್ದಾಳೆ, ಹಾಳೆಯನ್ನು ನೋಡಬೇಕಂತೆ. ಕೊಡುತ್ತೇನೆ. ಎಲ್ಲಿ ತಪ್ಪಿದೆ ಎಂದು ನಾನು ಮಾತ್ರ ಹೇಳುವುದಿಲ್ಲ.